ತನಗೇ ಸುಳ್ಳು ಹೇಳಿಕೊಳ್ಳುವವರು: ಬರೆಯಲು ಖುಷಿ ಕೊಡುವ ಪಾತ್ರಗಳು

ಕಾದಂಬರಿಕಾರರನ್ನು "ನಿಮಗೆ ಇಷ್ಟವಾದ ಪಾತ್ರ ಯಾವುದು?" ಎಂದು ಕೇಳಿದರೆ ಸಾಮಾನ್ಯವಾಗಿ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಬರುತ್ತದೆ. ಯಾವ ಪಾತ್ರದ ದೃಶ್ಯ ಬರೆಯುವಾಗ ಕೈ ತಡೆಯಲಿಲ್ಲ ಎಂದು ಕೇಳಿದರೆ ಬರುವ ಹೆಸರೇ ಬೇರೆ. ಒಂದು ಮೆಚ್ಚುಗೆಯ ಪ್ರಶ್ನೆ, ಇನ್ನೊಂದು ಕಸುಬಿನ ಪ್ರಶ್ನೆ. ಮನೆಯೊಳಗೆ ಬಿಟ್ಟುಕೊಳ್ಳಲು ಹಿಂಜರಿಯುವಂಥ ವ್ಯಕ್ತಿ ಹಾಳೆಯ ಮೇಲೆ ಅತ್ಯಂತ ಒಳ್ಳೆಯ ಜೊತೆಗಾರ ಆಗಬಹುದು. ಇಲ್ಲಿ ಬರೆಯುತ್ತಿರುವುದು ಕಸುಬಿನ ಪ್ರಶ್ನೆಯ ಬಗ್ಗೆ.

ಬರೆಯಲು ಹಿತವಾದ ಪಾತ್ರವನ್ನು ಗುರುತಿಸುವುದು ಸುಲಭ. ಅದನ್ನು ಯೋಜನೆಯಲ್ಲಿ ಇಲ್ಲದ ಒಂದು ಸನ್ನಿವೇಶದಲ್ಲಿ ನಿಲ್ಲಿಸಿ ನೋಡಿ. ಬಸ್ಸು ತಪ್ಪಿಹೋಗಿದೆ, ಸಾಲ ಕೊಟ್ಟವನು ಎದುರಿಗೆ ಸಿಕ್ಕಿದ್ದಾನೆ, ಹೀಗೆ ಏನಾದರೂ. ಮುಂದಿನ ನಾಲ್ಕು ಸಾಲು ತಾವಾಗಿ ಬಂದರೆ ಪಾತ್ರ ಜೀವಂತವಾಗಿದೆ. ಬರದಿದ್ದರೆ ನಿಮ್ಮ ಹತ್ತಿರ ಇರುವುದು ಹೆಸರು, ವಯಸ್ಸು, ಉದ್ಯೋಗ, ಅಷ್ಟೇ. ಜೀವಂತ ಪಾತ್ರಗಳಲ್ಲಿ ಬಹುಪಾಲು ಒಂದು ಗುಣ ಸಮಾನವಾಗಿರುತ್ತದೆ: ಅವರು ತಮ್ಮ ಬಗ್ಗೆ ತಾವೇ ತಪ್ಪು ತಿಳಿದುಕೊಂಡಿರುತ್ತಾರೆ. ಲೋಕಕ್ಕೆ ಸುಳ್ಳು ಹೇಳುವವರಿಗಿಂತ ತಮಗೇ ಸುಳ್ಳು ಹೇಳಿಕೊಳ್ಳುವವರು ಬರೆಯಲು ಹೆಚ್ಚು ಒದಗುತ್ತಾರೆ. ಲೋಕಕ್ಕೆ ಸುಳ್ಳು ಹೇಳುವವನ ಕಥೆ ಸಿಕ್ಕಿಬಿದ್ದ ದಿನ ಮುಗಿಯುತ್ತದೆ. ತನಗೇ ಹೇಳಿಕೊಳ್ಳುವವನು ಸಿಕ್ಕಿಬಿದ್ದ ಮೇಲೂ ಅದಕ್ಕೊಂದು ಕಾರಣ ಹುಡುಕುತ್ತಾನೆ, ಕಥೆ ಮುಂದುವರಿಯುತ್ತದೆ.

ಇಂಥ ಪಾತ್ರವನ್ನು ಕಟ್ಟಲು ಪುಟಗಟ್ಟಲೆ ಟಿಪ್ಪಣಿ ಬೇಡ, ಮೂರು ವಾಕ್ಯ ಸಾಕು. ಅವನಿಗೆ ನಿಜವಾಗಿ ಬೇಕಾಗಿರುವುದೇನು, ಬೇರೆಯವರ ಮುಂದೆ ಏನು ಬೇಕೆನ್ನುತ್ತಾನೆ, ತನ್ನೊಳಗೆ ಏನೆಂದು ನಂಬಿಕೊಂಡಿದ್ದಾನೆ. ಉದಾಹರಣೆಗೆ ಒಬ್ಬ ಹಿರಿಯಣ್ಣನನ್ನು ತೆಗೆದುಕೊಳ್ಳೋಣ. ಅವನಿಗೆ ಬೇಕಾಗಿರುವುದು: ತನ್ನನ್ನು ಕೇಳದೆ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲುಗಬಾರದು. ಹೊರಗೆ ಹೇಳುವುದು: ತಮ್ಮ ತಂಗಿಯರು ಸುಖವಾಗಿದ್ದರೆ ಸಾಕು. ಒಳಗೆ ನಂಬಿರುವುದು: ತಾನು ಇವರಿಗಾಗಿ ಬದುಕನ್ನೇ ಬಿಟ್ಟುಕೊಟ್ಟವನು. ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಮೊದಲ ಎರಡನ್ನು ಬರೆದು ನಿಲ್ಲಿಸುತ್ತಾರೆ. ಆಗ ಅವನು ಬರೀ ಕಪಟಿ. ಮೂರನೆಯ ವಾಕ್ಯ ಸೇರಿದಾಗಲೇ ಅವನ ಮಾತಿಗೆ ನೋವು, ಹಕ್ಕು, ಒಂದಿಷ್ಟು ನಗು ಎಲ್ಲವೂ ಒಟ್ಟಿಗೆ ಬರುತ್ತವೆ. ಮೂರನೆಯದು ಅಪ್ಪಟ ಸುಳ್ಳಾಗಿರಕೂಡದು ಎಂಬುದನ್ನೂ ಗಮನಿಸಿ. ಅವನು ನಿಜವಾಗಿಯೂ ಏನನ್ನೋ ಬಿಟ್ಟುಕೊಟ್ಟಿರಬೇಕು. ಎಷ್ಟು ಎಂಬ ಲೆಕ್ಕದಲ್ಲಷ್ಟೇ ಅವನು ತಪ್ಪಿರಬೇಕು.

ಇವನು ಮಾತಿನಲ್ಲಿ ಹೇಗೆ ಕಾಣುತ್ತಾನೆ ನೋಡಿ:

"ಅಣ್ಣ, ಮನೆ ಮಾರೋ ವಿಷಯ ಇವತ್ತು ಮಾತಾಡಿಬಿಡೋಣ ಅಂತ ಬಂದೆ."

"ಮಾತಾಡೋದೇನಿದೆ? ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ. ನನ್ನದೇನೂ ಇಲ್ಲ."

"ಹಾಗಾದ್ರೆ ಕಾಗದಪತ್ರ ಕೊಡ್ತೀಯಾ?"

"ಕೊಡ್ತೀನಿ. ಎಲ್ಲಿಟ್ಟಿದೀನಿ ನೋಡಬೇಕು. ಬೀರು ಬೀಗ ಬೇರೆ ಸರಿಯಿಲ್ಲ. ನಿನ್ನ ಬೆನ್ನುನೋವು ಹೇಗಿದೆ ಈಗ?"

ಎಲ್ಲೂ ಅವನು 'ಇಲ್ಲ' ಎನ್ನಲಿಲ್ಲ. ಕೊಡುತ್ತೇನೆ ಎಂದ, ಕಾಗದ ಹುಡುಕಬೇಕು ಎಂದ, ಬೀಗದ ಮೇಲೆ ತಪ್ಪು ಹೊರಿಸಿದ, ಕೊನೆಗೆ ತಂಗಿಯ ಬೆನ್ನಿನ ಮೇಲೆ ಕಾಳಜಿ ತೋರಿಸಿದ. ಆ ಕಾಳಜಿಯೂ ನಿಜವೇ. ಇಲ್ಲಿ "ಎಂದು ಕುಯುಕ್ತಿಯಿಂದ ನುಡಿದ" ಅಂತ ಸೇರಿಸಿದರೆ ದೃಶ್ಯ ಕೆಡುತ್ತದೆ. ನಿರೂಪಕ ಓದುಗರಿಗೆ ಕಣ್ಣು ಹೊಡೆದ ಹಾಗೆ ಆಗಿ, ಅವರು ತಾವೇ ಕಂಡುಕೊಳ್ಳಬೇಕಾದದ್ದು ಕೈಗೆ ಸಿಕ್ಕಿಬಿಡುತ್ತದೆ. ಕರಡು ಮುಗಿದ ಮೇಲೆ ಮಾತುಗಳ ಹಿಂದೆ ಮುಂದೆ ಅಂಟಿಕೊಂಡಿರುವ 'ವ್ಯಂಗ್ಯವಾಗಿ', 'ಅಹಂಕಾರದಿಂದ', 'ನೋವಿನಿಂದ' ಎಂಬ ಪದಗಳನ್ನೆಲ್ಲ ಹುಡುಕಿ ಅಳಿಸಿ ನೋಡಿ. ಹತ್ತರಲ್ಲಿ ಎಂಟು ಕಡೆ ಏನೂ ಕಳೆಯುವುದಿಲ್ಲ. ಉಳಿದ ಎರಡು ಕಡೆ ಅರ್ಥ ಕೆಟ್ಟರೆ ಪದವನ್ನು ವಾಪಸ್ ಹಾಕಬೇಡಿ, ಮಾತನ್ನೇ ತಿದ್ದಿ.

ಇಂಥವನು ಕೆಲವೊಮ್ಮೆ ಸರಿಯೂ ಆಗಬೇಕು. ಎಲ್ಲರೂ ಮರೆಯುವುದು ಇದನ್ನೇ. ಅವನು ಮೂಗು ತೂರಿಸಿದ್ದರಿಂದ ಒಮ್ಮೆಯಾದರೂ ಒಂದು ಅನಾಹುತ ತಪ್ಪಬೇಕು, ಅದೂ ಪುಸ್ತಕದ ಮೊದಲ ಮೂರನೇ ಒಂದು ಭಾಗದೊಳಗೆ. ಇಲ್ಲದಿದ್ದರೆ ಓದುಗರು ಮೂವತ್ತನೇ ಪುಟದ ಹೊತ್ತಿಗೆ ಅವನ ಮೇಲೆ ತೀರ್ಪು ಕೊಟ್ಟುಬಿಟ್ಟಿರುತ್ತಾರೆ. ಆಮೇಲಿನ ಮುನ್ನೂರು ಪುಟ ಆ ತೀರ್ಪಿಗೆ ಸಾಕ್ಷಿ ಒದಗಿಸುವ ಕೆಲಸ ಮಾತ್ರ.

ಎದುರಾಳಿಯನ್ನು ಬರೆಯುವ ಸುಖವೂ ಇದೇ ಬೇರಿನದು. ಕೆಡುಕನಿಗೆ ತಾನು ಕೆಡುಕ ಎಂದು ಗೊತ್ತಿದ್ದರೆ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಅವನ ದೃಷ್ಟಿಯಿಂದ, 'ನಾನು' ಎಂದು ಶುರುಮಾಡಿ, ಸುಮಾರು ಸಾವಿರ ಪದಗಳಲ್ಲಿ ಇಡೀ ಜಗಳವನ್ನು ಬರೆಯಿರಿ. ಅದು ಪುಸ್ತಕಕ್ಕೆ ಅಲ್ಲ, ನಿಮಗೆ. ಬರೆದು ಮುಗಿಸಿದಾಗ ಒಂದು ಗಳಿಗೆಯಾದರೂ ಅವನದೇ ಸರಿ ಅನ್ನಿಸಬೇಕು. ಅನ್ನಿಸದಿದ್ದರೆ ಅವನಿಗಿನ್ನೂ ಕಾರಣ ಸಿಕ್ಕಿಲ್ಲ ಎಂದರ್ಥ. ಇನ್ನೊಂದು ದೋಷ ಎಷ್ಟೋ ಕರಡುಗಳಲ್ಲಿ ಕಾಣುತ್ತದೆ: ಎದುರಾಳಿಗೆ ಬೇರೆ ಕೆಲಸವೇ ಇರುವುದಿಲ್ಲ, ನಾಯಕಿ ಬೀದಿಗೆ ಬಂದಾಗಲೆಲ್ಲ ಅಲ್ಲೇ ನಿಂತಿರುತ್ತಾನೆ. ಅವನಿಗೂ ಕಚೇರಿ, ಹಲ್ಲುನೋವು, ಪರೀಕ್ಷೆಗೆ ಓದುತ್ತಿರುವ ಮಗಳು ಇರಬೇಕು. ನಾಯಕಿ ದೃಶ್ಯದಲ್ಲಿ ಇಲ್ಲದಾಗ ಅವನು ಏನು ಮಾಡುತ್ತಿರುತ್ತಾನೆ ಎಂದು ಅಧ್ಯಾಯಕ್ಕೊಂದು ಸಾಲು ಬರೆದಿಟ್ಟುಕೊಂಡರೆ ಈ ದೋಷ ಹೋಗುತ್ತದೆ.

ಇನ್ನು ಬಾಯಿಬಡುಕರು. ಲೇಖಕರಿಗೆ ಇವರಷ್ಟು ಪ್ರಿಯರು ಬೇರೆ ಇಲ್ಲ, ಇವರಷ್ಟು ಅಪಾಯವೂ ಇಲ್ಲ. ಒಂದು ಕೆಲಸಕ್ಕೆಂದು ಒಳಗೆ ಬಂದವರು ಕಾದಂಬರಿಯನ್ನೇ ಆಕ್ರಮಿಸುತ್ತಾರೆ. ಕೆಲವೊಮ್ಮೆ ಅದೇ ಒಳ್ಳೆಯದಾಗುತ್ತದೆ. ಚಾರ್ಲ್ಸ್ ಡಿಕನ್ಸ್ 1836ರಲ್ಲಿ ತಿಂಗಳ ಕಂತುಗಳಾಗಿ ಆರಂಭಿಸಿದ 'ಪಿಕ್‌ವಿಕ್ ಪೇಪರ್ಸ್' ಮೊದಲಿಗೆ ಅಷ್ಟಾಗಿ ಓಡಲಿಲ್ಲ. ನಾಲ್ಕನೇ ಕಂತಿನಲ್ಲಿ ಬೂಟು ಒರೆಸುವ ಕೆಲಸದ ಸ್ಯಾಮ್ ವೆಲ್ಲರ್ ಬಂದ ಮೇಲೆ ಮಾರಾಟ ಏರತೊಡಗಿ, ಕೊನೆಕೊನೆಗೆ ಕಂತೊಂದಕ್ಕೆ ಸುಮಾರು 40 ಸಾವಿರ ಪ್ರತಿ ಮುಟ್ಟಿತು. ಡಿಕನ್ಸ್ ಅವನನ್ನು ಪಿಕ್‌ವಿಕ್‌ನ ಸೇವಕನನ್ನಾಗಿ ಮಾಡಿ ಕಥೆಯೊಳಗೆ ಕಾಯಂ ಜಾಗ ಕೊಟ್ಟ. ನೆಚ್ಚಿನ ಬಾಯಿಬಡುಕನನ್ನು ಉಳಿಸಿಕೊಳ್ಳುವ ಸರಿಯಾದ ದಾರಿ ಅದು: ಮಾತಾಡಲು ಜಾಗ ಕೊಡುವುದಕ್ಕಿಂತ ಮೊದಲು ಮಾಡಲು ಕೆಲಸ ಕೊಡಬೇಕು. ಕೆಲಸವಿಲ್ಲದ ಬಾಯಿಬಡುಕ ಬಂದಾಗೆಲ್ಲ ಕಥೆ ನಿಲ್ಲುತ್ತದೆ.

ಆಕ್ರಮಣ ಆಗುತ್ತಿದೆಯೇ ಎಂದು ತಿಳಿಯಲು ಎಕ್ಸೆಲ್ ಹಾಳೆಯಲ್ಲಿ ಒಂದು ಕೋಷ್ಟಕ ಮಾಡಿ. ಅಡ್ಡಸಾಲಿಗೊಂದು ಅಧ್ಯಾಯ, ಕಂಬಕ್ಕೊಂದು ಪಾತ್ರ, ಚೌಕದಲ್ಲಿ ಆ ಪಾತ್ರ ಆ ಅಧ್ಯಾಯದಲ್ಲಿ ಎಷ್ಟು ಪುಟ ಇದೆ ಎಂಬ ಸಂಖ್ಯೆ. 80 ಸಾವಿರ ಪದಗಳ, 40 ಅಧ್ಯಾಯದ ಕಾದಂಬರಿಯಲ್ಲಿ ಒಬ್ಬ ಪಕ್ಕದ ಪಾತ್ರ 25 ಅಧ್ಯಾಯಗಳಲ್ಲಿ ಕಾಣಿಸಿಕೊಂಡರೆ ಎರಡೇ ದಾರಿ. ಒಂದೋ ಅದು ಪಕ್ಕದ ಪಾತ್ರವಲ್ಲ ಎಂದು ಒಪ್ಪಿ ಕಥೆಯನ್ನು ಅದರ ಸುತ್ತ ಮತ್ತೆ ಕಟ್ಟಬೇಕು, ಇಲ್ಲವೇ ಹತ್ತು ಹನ್ನೆರಡು ಕಡೆ ಹೊರಗೆ ಕಳಿಸಬೇಕು. ಪ್ರತಿ ದೃಶ್ಯದಲ್ಲೂ ಎರಡೆರಡು ಸಾಲು ಕತ್ತರಿಸುವ ಮಧ್ಯಮಮಾರ್ಗ ಕೆಲಸಕ್ಕೆ ಬಾರದು. ಪಾತ್ರ ತೆಳ್ಳಗಾಗುತ್ತದೆ, ಪುಸ್ತಕ ಹಗುರವಾಗುವುದಿಲ್ಲ.

ಮಾತಿನ ಧಾಟಿಗೆ ಬರೋಣ. ಪಾತ್ರಕ್ಕೊಂದು ತಕಿಯಾ ಮಾತು, ಅಂದರೆ ಪದೇಪದೇ ಬಾಯಿಗೆ ಬರುವ ಒಂದು ನುಡಿ, ಕೊಟ್ಟುಬಿಟ್ಟರೆ ಆಯಿತು ಎಂದು ಅನೇಕರು ತಿಳಿದಿದ್ದಾರೆ. "ಏನಂತೀರಿ?" ಎಂದು ಪ್ರತಿ ಮಾತಿನ ಕೊನೆಗೆ ಅನ್ನುವವನು ಮೂರು ಸಲ ಮಜಾ ಕೊಡುತ್ತಾನೆ, ನಾಲ್ಕನೇ ಸಲ ತಲೆನೋವು. ಅಂಥ ಮಾತನ್ನು ಬಳಸುವುದೇ ಆದರೆ ಮೊದಲ ಸಲ ಗುರುತಿಗೆ, ಆಮೇಲೆ ಒಂದೆರಡು ಸಲ ಓದುಗರು ನಿರೀಕ್ಷಿಸುವಂತೆ, ಕೊನೆಗೆ ಎಲ್ಲಿ ಅದು ಬರಲೇಬೇಕಿತ್ತೋ ಅಲ್ಲಿ ಬರದಂತೆ ಬಳಸಿ. ತಕಿಯಾ ಮಾತಿಗಿಂತ ಬಾಳಿಕೆ ಬರುವ ಗುರುತುಗಳಿವೆ: ವಾಕ್ಯ ಉದ್ದವೋ ತುಂಡೋ, ಯಾವ ವಿಷಯ ಬಂದಾಗ ಮಾತು ತಿರುಗಿಸುತ್ತಾನೆ, ಪ್ರಶ್ನೆಗೆ ಉತ್ತರ ಕೊಡುತ್ತಾನೋ ಮರುಪ್ರಶ್ನೆ ಹಾಕುತ್ತಾನೋ, ಹೋಲಿಕೆಗಳನ್ನು ಎಲ್ಲಿಂದ ತರುತ್ತಾನೆ. ಲೆಕ್ಕ ಬರೆಯುವ ಗುಮಾಸ್ತ ಹೊಗಳುವಾಗಲೂ ಜಮಾಖರ್ಚಿನಲ್ಲೇ ಹೊಗಳುತ್ತಾನೆ. ಪರೀಕ್ಷೆ ಸುಲಭ: ಒಂದು ಪುಟದ ಸಂಭಾಷಣೆಯಿಂದ 'ಅವನೆಂದ', 'ಅವಳೆಂದಳು' ಎಲ್ಲವನ್ನೂ ತೆಗೆದು ಬೇರೊಬ್ಬರಿಗೆ ಓದಲು ಕೊಡಿ. ಯಾರು ಮಾತಾಡುತ್ತಿದ್ದಾರೆ ಎಂದು ಅವರು ಎಡವುವ ಜಾಗವೇ ನೀವು ತಿದ್ದಬೇಕಾದ ಜಾಗ.

ಆಡುನುಡಿಯನ್ನು ಅಕ್ಷರಕ್ಕಿಳಿಸುವಾಗ ಪ್ರತಿ ಉಚ್ಚಾರಣೆಯನ್ನೂ ಹಿಡಿಯಲು ಹೋಗಬೇಡಿ, ಓದುಗರು ಪದಗಳನ್ನು ಬಿಡಿಸುತ್ತ ಕೂರಬೇಕಾಗುತ್ತದೆ. ಕ್ರಿಯಾಪದದ ಕೊನೆ ಮತ್ತು ಒಂದೆರಡು ಸಂಬೋಧನೆ ಸಾಕು, ಉಳಿದದ್ದು ಓದುಗರ ಕಿವಿಯೇ ತುಂಬಿಕೊಳ್ಳುತ್ತದೆ. ಆದರೆ ಆಯ್ದದ್ದನ್ನು ಬಿಡಬಾರದು. ಹತ್ತನೇ ಪುಟದಲ್ಲಿ 'ಹೋಗ್ತೀನಿ' ಎಂದವಳು ಅರವತ್ತನೇ ಪುಟದಲ್ಲಿ 'ಹೋಗ್ತೇನೆ' ಎಂದರೆ ಯಾರೋ ಬೇರೆಯವರು ಬಂದು ಕೂತಂತೆ ಕೇಳಿಸುತ್ತದೆ. ಪಾತ್ರಕ್ಕೆ ಹತ್ತು ಕ್ರಿಯಾಪದಗಳ ರೂಪ ಬರೆದಿಟ್ಟುಕೊಂಡು ಕೊನೆಯಲ್ಲಿ ಒಂದೊಂದನ್ನೇ ಹುಡುಕಿ ನೋಡಿದರೆ ಒಂದು ಮಧ್ಯಾಹ್ನದ ಕೆಲಸ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಆಯುಧವಿದೆ, ಅದನ್ನು ದುಂದು ಮಾಡುವವರೇ ಹೆಚ್ಚು. ಇಬ್ಬರ ನಡುವೆ 'ನೀವು' ಇದ್ದದ್ದು 'ನೀನು' ಆಗುವ ಗಳಿಗೆ. ಒಂದು ಜೋಡಿಗೆ ಇಡೀ ಕಾದಂಬರಿಯಲ್ಲಿ ಒಂದೇ ಸಲ ಇದು ಆಗಲಿ, ಅದರ ಬಗ್ಗೆ ಯಾರೂ ಏನೂ ಹೇಳದಿರಲಿ. ಪ್ರತಿ ಜಗಳದಲ್ಲೂ ಏಕವಚನಕ್ಕಿಳಿದರೆ ಕೊನೆಯ ಜಗಳಕ್ಕೆ ಏನೂ ಉಳಿದಿರುವುದಿಲ್ಲ. ನಿರೂಪಣೆಯಲ್ಲೂ ಇದೇ ಪ್ರಶ್ನೆ. ವಯಸ್ಸಾದ ಮೇಷ್ಟರನ್ನು ನಿರೂಪಕ 'ಅವನು' ಎನ್ನಬೇಕೋ 'ಅವರು' ಎನ್ನಬೇಕೋ? 'ಅವರು' ಎಂದ ಕ್ಷಣ ಓದುಗರು ಅಂಗಳದಲ್ಲಿ ನಿಲ್ಲುತ್ತಾರೆ, ಅವರ ಅಸೂಯೆ, ಭಯಗಳ ಒಳಗೆ ಹೋಗುವುದು ಕಷ್ಟ. 'ಅವನು' ಎಂದರೆ ಬಾಗಿಲು ತೆರೆಯುತ್ತದೆ, ಆದರೆ ಊರವರು ಕೊಡುವ ಗೌರವ ನಿರೂಪಣೆಯಲ್ಲಿ ಕಾಣುವುದಿಲ್ಲ. ನನ್ನ ಆಯ್ಕೆ ಹೀಗೆ: ಯಾರ ಮನಸ್ಸಿನೊಳಗೆ ಹೋಗುತ್ತೀರೋ ಅವರಿಗೆ ಏಕವಚನ, ಹೊರಗಿನಿಂದ ಮಾತ್ರ ನೋಡುವವರಿಗೆ ಬಹುವಚನವಾದರೂ ಅಡ್ಡಿಯಿಲ್ಲ. ಯಾವುದಾದರೂ ಸರಿ, ಮೊದಲ ಅಧ್ಯಾಯದಲ್ಲೇ ನಿರ್ಧರಿಸಿ. ಅರ್ಧ ದಾರಿಯಲ್ಲಿ ಬದಲಿಸಿದರೆ ಪ್ರತಿ ಕ್ರಿಯಾಪದದ ಬಾಲವನ್ನೂ ಕೈಯಾರೆ ತಿದ್ದಬೇಕು, ಹುಡುಕಿ ಬದಲಿಸುವ ಆಜ್ಞೆ ಇಲ್ಲಿ ನೆರವಿಗೆ ಬರುವುದಿಲ್ಲ.

ಬರೆಯಲು ಅತ್ಯಂತ ಹಿತವೆನಿಸುವ ಇನ್ನೊಂದು ಬಗೆ ಎದುರಿಗೆ ಇಲ್ಲದ ಪಾತ್ರ. ಸತ್ತವರು, ಊರು ಬಿಟ್ಟವರು, ಇನ್ನೂ ಬರದವರು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಶುರುವಾಗುವ ಹೊತ್ತಿಗೆ ನಾರಣಪ್ಪ ಸತ್ತಿದ್ದಾನೆ. ಉಳಿದವರ ನೆನಪುಗಳಲ್ಲಷ್ಟೇ ಅವನು ಓಡಾಡುವುದು, ಆದರೂ ಬದುಕಿರುವವರನ್ನೆಲ್ಲ ಅಲುಗಿಸುವವನು ಅವನೇ. ಇಂಥ ಪಾತ್ರದ ಅನುಕೂಲವೆಂದರೆ ಅದರ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ತಮ್ಮನ್ನೇ ತೋರಿಸಿಕೊಳ್ಳುತ್ತಾರೆ. ಒಂದು ದೃಶ್ಯದಲ್ಲಿ ಎರಡು ಪಾತ್ರಗಳ ಕೆಲಸ. ಕಟ್ಟುವ ರೀತಿ ಹೀಗೆ: ನಾಲ್ಕು ಜನರಿಂದ ಅದೇ ಒಂದು ಘಟನೆಯನ್ನು ಹೇಳಿಸಿ. ಹೊರಗಿನ ಎರಡು ವಿವರ ಎಲ್ಲರಲ್ಲೂ ಒಂದೇ ಇರಲಿ, ಉದಾಹರಣೆಗೆ ಅವತ್ತು ಮಳೆ ಬರುತ್ತಿತ್ತು, ಅವನ ಕೈಯಲ್ಲಿ ಪೆಟ್ಟಿಗೆ ಇತ್ತು. ಉದ್ದೇಶ ಮಾತ್ರ ನಾಲ್ಕು ಬಗೆ. ಒಬ್ಬಳಿಗೆ ಅವನು ಓಡಿಹೋದ, ಇನ್ನೊಬ್ಬನಿಗೆ ಹೊರಹಾಕಲ್ಪಟ್ಟ. ಕೆಡುವುದು ಎಲ್ಲಿ ಎಂದರೆ, ಎಲ್ಲರೂ ಒಂದೇ ಮಾತಿನಲ್ಲಿ ಹೊಗಳಿದಾಗ ಅಥವಾ ಕೊನೆಗೊಂದು ಹಳೆಯ ಪತ್ರ ಸಿಕ್ಕಿ ನಿಜ ಇದು ಎಂದು ಇತ್ಯರ್ಥವಾದಾಗ. ಆ ಪತ್ರ ಅಷ್ಟೂ ಸಾಕ್ಷಿಗಳನ್ನು ಒಂದೇ ಏಟಿಗೆ ವ್ಯರ್ಥ ಮಾಡುತ್ತದೆ.

ಮಕ್ಕಳ ಬಗ್ಗೆ ಸ್ವಲ್ಪವೇ ಹೇಳಬೇಕು. ಮಗುವಿಗೆ ಕಂಡದ್ದೆಲ್ಲ ಗೊತ್ತು, ಅದರ ಅರ್ಥ ಗೊತ್ತಿಲ್ಲ. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಆಯಿತು. ಏಳು ವರ್ಷದವಳ ಬಾಯಲ್ಲಿ ಬದುಕಿನ ಬಗ್ಗೆ ಸೂಕ್ತಿ ಹೇಳಿಸುವವರನ್ನು ಕಂಡರೆ ನನಗೆ ಪುಸ್ತಕ ಮುಚ್ಚಿಡುವ ಮನಸ್ಸಾಗುತ್ತದೆ. ಮುದುಕರ ವಿಷಯದಲ್ಲಿ ತಪ್ಪು ಉಲ್ಟಾ: ಅವರ ನೆನಪುಗಳನ್ನು ಇಸವಿವಾರು ಜೋಡಿಸಿ ಹೇಳಿಸುವುದು. ನೆನಪಿಗೆ ದಾರಿ ಕೊಡುವುದು ವಸ್ತು, ವಾಸನೆ, ಹಳೆಯ ಅವಮಾನ. ಕ್ಯಾಲೆಂಡರ್ ಅಲ್ಲ.

ಬರೆಯಲು ಅತಿ ಕಷ್ಟವಾದವರು ಯಾರು? ನಡುಮಧ್ಯದಲ್ಲಿರುವ ಸಜ್ಜನರು. ಕಷ್ಟ ಸಹಿಸುತ್ತ, ಎಲ್ಲವನ್ನೂ ಗಮನಿಸುತ್ತ, ಏನೂ ಮಾಡದೆ ಕೂರುವ ನಾಯಕ ನಾಯಕಿಯರು. ಕಥೆಯ ಹೊರೆ ಹೊತ್ತವರು ಇವರೇ ಆದ್ದರಿಂದ ಲೇಖಕರು ಇವರಿಗೆ ತಪ್ಪು ಮಾಡಲು ಬಿಡುವುದಿಲ್ಲ, ಅದಕ್ಕೇ ಪಕ್ಕದವರೆಲ್ಲ ಹೊಳೆಯುತ್ತಾರೆ, ಇವರು ಮಂಕು. ಮೊದಲ ಕಾಲುಭಾಗದೊಳಗೆ ಇವರ ಕೈಯಿಂದಲೇ ಒಂದು ತಪ್ಪು ನಿರ್ಧಾರ ಮಾಡಿಸಿ, ಯಾರ ಒತ್ತಾಯವೂ ಇಲ್ಲದೆ. ದೊಡ್ಡ ಧ್ಯೇಯದ ಜೊತೆಗೆ ಒಂದು ಸಣ್ಣ ಹಟವನ್ನೂ ಕೊಡಿ: ಆ ಕಿಟಕಿ ಪಕ್ಕದ ಮೇಜು ತನಗೇ ಬೇಕು, ಇಂಥವರ ಎದುರು ಮಾತ್ರ ಸೋಲಬಾರದು. ಧ್ಯೇಯದಿಂದ ಕಥೆಯ ನಕ್ಷೆ ಬರುತ್ತದೆ, ದೃಶ್ಯಗಳು ಹುಟ್ಟುವುದು ಹಟದಿಂದ.

ಗೊತ್ತಿರುವ ಜನರಿಂದ ಪಾತ್ರ ಎತ್ತಿಕೊಳ್ಳುವ ಬಗ್ಗೆ. ಎಲ್ಲರೂ ಎತ್ತಿಕೊಳ್ಳುತ್ತಾರೆ, ಪ್ರಶ್ನೆ ಎಷ್ಟು ಎಂಬುದು. ಡಿಕನ್ಸ್ 'ಡೇವಿಡ್ ಕಾಪರ್‌ಫೀಲ್ಡ್' ಕಂತುಗಳಾಗಿ ಬರುತ್ತಿದ್ದಾಗ (1849–50) ಮಿಸ್ ಮೌಚರ್ ಎಂಬ ಕುಳ್ಳ ಹೆಂಗಸಿನ ಪಾತ್ರದಲ್ಲಿ ಪರಿಚಯದ ಒಬ್ಬಾಕೆ ತನ್ನನ್ನೇ ಗುರುತಿಸಿಕೊಂಡು ನೊಂದು ಪತ್ರ ಬರೆದಳು. ಡಿಕನ್ಸ್ ಆಮೇಲಿನ ಒಂದು ಕಂತಿನಲ್ಲಿ ಆ ಪಾತ್ರವನ್ನು ಒಳ್ಳೆಯವಳನ್ನಾಗಿ ತಿರುಗಿಸಿದ. ಇವತ್ತು ಓದಿದರೂ ಆ ತಿರುವು ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ಜನ ತಮ್ಮನ್ನು ಗುರುತಿಸಿಕೊಳ್ಳುವುದು ದೇಹ, ಉದ್ಯೋಗ, ಮಾತಿನ ಚಾಳಿ ಇವುಗಳಿಂದ, ಸ್ವಭಾವದಿಂದಲ್ಲ. ಹಾಗಾಗಿ ಈ ಮೂರನ್ನೂ ಬದಲಿಸಿ, ಒಳಗಿನ ಸ್ವಭಾವವನ್ನು ಮಾತ್ರ ಉಳಿಸಿಕೊಳ್ಳಿ, ಕನಿಷ್ಠ ಮೂವರನ್ನು ಒಂದರಲ್ಲಿ ಬೆರೆಸಿ. ಇದು ಬರೀ ಮುಲಾಜಿನ ಮಾತಲ್ಲ. ಒಬ್ಬರನ್ನೇ ನೆನೆದು ಬರೆದ ಪಾತ್ರ ಅವರು ಮಾಡಿದ್ದನ್ನಷ್ಟೇ ಮಾಡುತ್ತದೆ, ಕಥೆಗೆ ಬೇಕಾದದ್ದನ್ನು ಮಾಡಲು ಒಪ್ಪುವುದಿಲ್ಲ.

ಹೆಸರಿಡುವಾಗ ಒಂದೇ ದೃಶ್ಯದಲ್ಲಿ ಕೂರುವವರಿಗೆ ಒಂದೇ ಅಕ್ಷರದಿಂದ ಶುರುವಾಗುವ, ಒಂದೇ ಸದ್ದಿನಲ್ಲಿ ಮುಗಿಯುವ ಹೆಸರು ಬೇಡ. ರಮೇಶ, ಸುರೇಶ, ರಾಜೇಶ ಮೂವರೂ ಒಂದು ಜಗಳದಲ್ಲಿದ್ದರೆ ಯಾರು ಯಾರಿಗೆ ಹೊಡೆದರು ಎಂದು ಓದುಗರು ಹಿಂದಕ್ಕೆ ಹೋಗಿ ನೋಡಬೇಕು. ಅಕ್ಷರಗಳ ಸಂಖ್ಯೆಯೂ ಎರಡು, ಮೂರು, ಐದು ಎಂದು ಬೇರೆಬೇರೆ ಇರಲಿ.

ಪ್ರತಿ ಮುಖ್ಯ ಪಾತ್ರಕ್ಕೂ ಒಂದು ಹಾಳೆ ಇಡಿ. ಆರ್ಥರ್ ಕಾನನ್ ಡಾಯ್ಲ್ ಬರೆದ, ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಗೆಳೆಯ ಡಾ. ವಾಟ್ಸನ್‌ಗೆ 1887ರ ಕಾದಂಬರಿಯಲ್ಲಿ ಯುದ್ಧದ ಗುಂಡು ಭುಜಕ್ಕೆ ತಗುಲಿತ್ತು, 1890ರದರಲ್ಲಿ ಕಾಲಿಗೆ. ಅಭಿಮಾನಿಗಳು ಇಂದಿಗೂ ಅದರ ಬಗ್ಗೆ ವಾದ ಮಾಡುತ್ತಾರೆ, ನಿಮ್ಮ ಓದುಗರು ಅಷ್ಟು ಪ್ರೀತಿ ತೋರಿಸುತ್ತಾರೆಂಬ ಭರವಸೆಯಿಲ್ಲ. ಹಾಳೆಯಲ್ಲಿ ವಯಸ್ಸಿನ ಬದಲು ಹುಟ್ಟಿದ ಇಸವಿ, ಗಾಯ, ಕನ್ನಡಕ, ಯಾರನ್ನು ಏನೆಂದು ಕರೆಯುತ್ತಾನೆ, ಇಷ್ಟಿದ್ದರೆ ಸಾಕು. ಇಷ್ಟದ ಬಣ್ಣ, ಇಷ್ಟದ ಹಾಡು ಎಂದು ನೂರು ಪ್ರಶ್ನೆ ತುಂಬಿಸುವ ನಮೂನೆಗಳು ಬರೆಯುವುದನ್ನು ಮುಂದೂಡಲು ಒಳ್ಳೆಯ ನೆಪ, ಬೇರೆ ಉಪಯೋಗ ಕಾಣೆ. ತಪ್ಪಿಸಲೇಬಾರದ ಒಂದು ಕಂಬವಿದೆ: ಯಾವ ಅಧ್ಯಾಯದಲ್ಲಿ ಈ ಪಾತ್ರಕ್ಕೆ ಏನೇನು ಗೊತ್ತು. ಹದಿನೆಂಟನೇ ಅಧ್ಯಾಯದಲ್ಲಿ ತಿಳಿಯಬೇಕಾದ ಗುಟ್ಟನ್ನು ಹದಿನಾಲ್ಕರಲ್ಲೇ ಅರಿತವಳಂತೆ ಮಾತಾಡಿಸುವುದು ಎರಡನೇ ಕರಡಿನಲ್ಲಿ ಅಧ್ಯಾಯಗಳನ್ನು ಹಿಂದೆ ಮುಂದೆ ಮಾಡಿದಾಗ ಆಗುವ ಅನಾಹುತ. ಗಾಯ ಭುಜದಿಂದ ಕಾಲಿಗೆ ಜಾರಿದರೆ ನಗಬಹುದು, ಇದಾದರೆ ಕಥೆಯೇ ಕುಸಿಯುತ್ತದೆ.

ಕೊನೆಗೆ ನೆಚ್ಚಿನ ಪಾತ್ರವನ್ನು ಮುಗಿಸುವ ವಿಷಯ. ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಕ್ಲಬ್ಬಿನಲ್ಲಿ ಕೂತಿದ್ದಾಗ ಇಬ್ಬರು ಪಾದ್ರಿಗಳು ಅವನ ಕಾದಂಬರಿಗಳಲ್ಲಿ ಮತ್ತೆಮತ್ತೆ ಬರುವ ಪಾತ್ರಗಳನ್ನು, ಬಿಷಪ್ಪನ ಹೆಂಡತಿ ಮಿಸೆಸ್ ಪ್ರೌಡಿಯನ್ನೂ ಸೇರಿಸಿ, ಬೈಯುವುದು ಕೇಳಿಸಿತು. ಅವನು ಎದ್ದು ಹೋಗಿ, ವಾರದೊಳಗೆ ಅವಳನ್ನು ಕೊಲ್ಲುತ್ತೇನೆ ಎಂದು ಹೇಳಿ, ಹಾಗೇ ಮಾಡಿದ. 1867ರ ಕಾದಂಬರಿಯಲ್ಲಿ ಅವಳು ಸಾಯುತ್ತಾಳೆ. ಅವಳ ಬಗ್ಗೆ ಬರೆಯುವುದರಲ್ಲಿ ತನಗೆ ಎಷ್ಟು ಆನಂದವಿತ್ತೆಂದರೆ ಕೊಂದದ್ದಕ್ಕೆ ಆಗಾಗ ವಿಷಾದವಾಗಿದೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆದರೂ ಆ ಸಾವಿನ ಅಧ್ಯಾಯ ಸೊಗಸಾಗಿದೆ, ಯಾಕೆಂದರೆ ಸಾಯುವ ಮೊದಲು ಅವಳಿಗೆ ಗಂಡ ತನ್ನನ್ನು ದ್ವೇಷಿಸುತ್ತಾನೆ ಎಂಬುದು ತಿಳಿದಿರುತ್ತದೆ. ತನ್ನ ಬಗ್ಗೆ ತಾನು ನಂಬಿಕೊಂಡದ್ದು ಒಡೆಯುವ ಗಳಿಗೆಯನ್ನು ಟ್ರಾಲಪ್ ತಪ್ಪಿಸಲಿಲ್ಲ.

ಹಾಗಾಗಿ ಪಾತ್ರವನ್ನು ತೆಗೆಯುವ ಮುನ್ನ ಆ ಮೂರನೇ ವಾಕ್ಯವನ್ನು ಮತ್ತೊಮ್ಮೆ ತೆಗೆದು ಓದಿ. ಅದು ಒಡೆಯುವ ದೃಶ್ಯ ಇನ್ನೂ ಬರೆದಿಲ್ಲವಾದರೆ ಮೊದಲು ಅದನ್ನು ಬರೆಯಿರಿ, ತೆಗೆಯುವುದೋ ಇಟ್ಟುಕೊಳ್ಳುವುದೋ ಆಮೇಲೆ ನೋಡಿದರಾಯಿತು. ತೆಗೆದದ್ದನ್ನು ಬೇರೆ ಫೈಲಿನಲ್ಲಿ ಇಡಿ, ಆದರೆ ಅಲ್ಲಿನ ಚಂದದ ಮಾತುಗಳನ್ನು ಇನ್ನೊಂದು ಪಾತ್ರದ ಬಾಯಿಗೆ ಸಾಗಿಸಬೇಡಿ. ಮಾತು ಆ ಪಾತ್ರಕ್ಕೆ ಸರಿಯಾಗಿ ಹೊಂದಿಕೊಂಡರೆ ಅನುಮಾನಪಡಬೇಕಾದದ್ದು ಮೊದಲನೆಯ ಪಾತ್ರವನ್ನೇ: ಅದು ಯಾರಾದರೂ ಆಡಬಹುದಾದ ಮಾತನ್ನು ಆಡುತ್ತಿತ್ತು.